ಅರಿಬಿ ಬಾಯಾರು ಮತ್ತು ಮೊದಲೇ ಬರೆದಿಟ್ಟ ವರದಿ

ಮಾನ್ಯ ಸಂಪಾದಕರಲ್ಲಿಯೂ ಓದುಗರಲ್ಲಿಯೂ ವಿನಂತಿ.

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ನನ್ನ ಅಕ್ಷರಗಳು ಒಂದರ ಮೇಲೊಂದು ಒರಗುತ್ತವೆ. ಅಲ್ಪಪ್ರಾಣ ಬರೆಯಬೇಕಾದಲ್ಲಿ ಮಹಾಪ್ರಾಣ ಬರೆಯುವ ಚಾಳಿ ಸಾಲೆಯ ದಿನಗಳಿಂದಲೂ ಬಿಟ್ಟಿಲ್ಲ. ವಿಜಾಪುರದ ಒಂದು ಆರೋಗ್ಯ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಕಾರಕೂನನಾಗಿ ಟಿಪ್ಪಣಿ, ವರದಿ, ಜ್ಞಾಪನಗಳನ್ನು ಬರೆಯುತ್ತ ಬಂದಿದ್ದೇನೆ. ಒಬ್ಬ ವ್ಯಕ್ತಿಯನ್ನು ಕುರಿತು ಬರೆಯುವುದು ಇದೇ ಮೊದಲು. ಹೇಗೆ ಬರೆಯಬೇಕೆಂಬುದು ತಿಳಿಯದ್ದರಿಂದ, ತಿಳಿದಿರುವ ಒಂದೇ ರೀತಿಯಲ್ಲಿ, ಅಂದರೆ ಕಚೇರಿಯ ಪತ್ರದ ರೀತಿಯಲ್ಲಿ, ಬರೆಯಲು ಅಪ್ಪಣೆ ಕೋರುತ್ತೇನೆ.

ವಿಷಯ: ಟಿಕೋಟಾ ಹಾಗೂ ಬಬಲೇಶ್ವರ ಭಾಗದಲ್ಲಿ ಹನ್ನೊಂದು ತಿಂಗಳು ಆರೋಗ್ಯ ಶಿಕ್ಷಣದ ಕೆಲಸ ಮಾಡಿದ ಪರದೇಶದ ಸ್ವಯಂಸೇವಕಿಯೊಬ್ಬರ ಕುರಿತು.

ಉಲ್ಲೇಖ: ಸದರಿಯವರ ಅಕ್ಕನಿಂದ ಕಳೆದ ತಿಂಗಳು ಕಚೇರಿಗೆ ಬಂದ ಪತ್ರ.

ಪತ್ರ ಕೆನಡಾ ದೇಶದಿಂದ ಬಂದಿತ್ತು. ತಂಗಿ ಆಫ್ರಿಕಾ ಖಂಡದ ಒಂದು ಕುಗ್ರಾಮದಲ್ಲಿ ಇದೇ ಕೆಲಸ ಮಾಡುತ್ತಿದ್ದಾಗ ಜ್ವರದಿಂದ ತೀರಿಕೊಂಡಳು, ಮೂವತ್ತನಾಲ್ಕು ವಯಸ್ಸು, ಬಬಲೇಶ್ವರದ ಮಾತು ಸದಾ ಅವಳ ಬಾಯಲ್ಲಿತ್ತು, ಅಲ್ಲಿ ಅವಳೊಡನೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ನೆನಪಿರುವುದನ್ನು ಬರೆದು ಕಳಿಸಬೇಕು ಎಂದು ಅದರಲ್ಲಿತ್ತು. ಈಗಿನ ಸಾಹೇಬರು ಅವರನ್ನು ಕಂಡವರಲ್ಲ. ಅಂಚಿನಲ್ಲಿ 'ಸೂಕ್ತ ಕ್ರಮಕ್ಕಾಗಿ' ಎಂದು ಬರೆದು ಪತ್ರವನ್ನು ನನ್ನ ಮೇಜಿಗೆ ಕಳಿಸಿದರು. ಸೂಕ್ತ ಕ್ರಮ ಯಾವುದೆಂದು ನನಗೆ ಆ ಕ್ಷಣವೇ ತಿಳಿಯಿತು. ಆದರೂ ಒಂಬತ್ತು ದಿನ ಪತ್ರವನ್ನು ಕಡತದ ಕೆಳಗೆ ಇಟ್ಟುಕೊಂಡಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳ್ಳಿಯ ಹೆಂಗಸರು ಅವರನ್ನು ಅರಿಬಿ ಬಾಯಾರು ಎಂದು ಕರೆಯುತ್ತಿದ್ದರು. ಅರಿಬಿ ಎಂದರೆ ನಮ್ಮ ಕಡೆಯಲ್ಲಿ ಬಟ್ಟೆ, ಬಾಯಾರು ಎಂದರೆ ಅಮ್ಮನವರು. ಹೋದಲ್ಲೆಲ್ಲ ಅವರ ಹೆಗಲ ಮೇಲೆ ಎರಡು ಪದರದ ಒಂದು ಬಿಳಿಯ ಧೋತರದ ತುಂಡು ಇರುತ್ತಿತ್ತು. ನೀರು ಸೋಸಿ ಕುಡಿಯುವುದನ್ನು ಕಲಿಸುವುದಕ್ಕಾಗಿಯೇ ಅವರು ಬಂದಿದ್ದರು.

ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವರು ಬಂದರು. ಜೋರಾಪುರ ಪೇಟೆಯಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಒಬ್ಬ ವಿಧವೆಯ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದರು. ಮ್ಯಾಟ್ರಿಕ್ಕಿನಲ್ಲಿ ಇಂಗ್ಲಿಷು ಪಾಸಾಗಿದೆಯೆಂಬ ಕಾರಣಕ್ಕೆ ಆಗಿನ ಸಾಹೇಬರು ನನ್ನನ್ನು ಅವರ ದುಭಾಷಿಯಾಗಿ ನೇಮಿಸಿದರು. ಆಗ ನನ್ನ ನೌಕರಿ ಹಂಗಾಮಿಯದು. ಆರು ತಿಂಗಳಿಗೊಮ್ಮೆ ಹೊಸ ಆರ್ಡರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಂಗತಿಯನ್ನು ನಾನು ಮೊದಲ ವಾರದಲ್ಲಿಯೇ ಅವರಿಗೆ ಹೇಳಿಕೊಂಡಿದ್ದೆ. ಏಕೆ ಹೇಳಿದೆನೋ ತಿಳಿಯದು. ಅವರ ಎದುರು ಮನುಷ್ಯರಿಗೆ ಹಾಗೆ ಹೇಳಿಕೊಳ್ಳಬೇಕೆನ್ನಿಸುತ್ತಿತ್ತು.

ತೊರವಿ ದಾಟಿ ಟಿಕೋಟಾಕ್ಕೆ ಮೊದಲ ಸಲ ಹೋದ ದಿನ ಇಪ್ಪತ್ತು ಮಂದಿ ಹೆಂಗಸರು ಅವರನ್ನು ಸುತ್ತುವರಿದರು. ಅವರಲ್ಲಿ ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ನನ್ನನ್ನು ಕೇಳಿದಳು: "ಬಾಯಾರಿಗೆ ಎಮ್ಮಿ ಹಿಂಡಾಕ ಬರತೈತೇನ ಕೇಳ್ರಿ. ಬಂದ್ರ ನಮ್ಮ ಮೈದುನಗ ನೋಡೂಣು."

ನಾನು ಮೈದುನನ ಮಾತನ್ನು ಬಿಟ್ಟು ಎಮ್ಮೆಯ ಮಾತನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಹೈನದ ಮನೆಯಲ್ಲಿ ಬೆಳೆದವರು. ತೋಳು ಮೇಲಕ್ಕೆ ಮಡಚಿ, ಒದೆಯುವುದಕ್ಕೆ ಹೆಸರಾಗಿದ್ದ ಎಮ್ಮೆಯ ಪಕ್ಕಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು, ಹಣೆಯನ್ನು ಅದರ ಹೊಟ್ಟೆಗೆ ಆನಿಸಿ, ಒಂದು ಚರಿಗೆ ಹಾಲು ಹಿಂಡಿ ಇಟ್ಟರು. ಎಮ್ಮೆ ಬಾಲವನ್ನೂ ಅಲ್ಲಾಡಿಸಲಿಲ್ಲ.

"ಲಗ್ನಾ ಆತು ಬಿಡ್ರಿ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಏಕೆ ನಗುತ್ತಾರೆಂದು ಬಾಯಾರು ಕೇಳಿದಾಗ, ಹಾಲು ಚೆನ್ನಾಗಿ ಬಂತೆಂದು ನಗುತ್ತಾರೆ ಎಂದೆ. ಹೀಗೆ ಅರ್ಧವನ್ನು ಹೇಳಿ ಅರ್ಧವನ್ನು ನುಂಗುವುದು ನನಗೆ ಆ ಮೊದಲ ದಿನವೇ ರೂಢಿಯಾಯಿತೆಂಬುದನ್ನು ಈಗ ಕಾಣುತ್ತಿದ್ದೇನೆ. ಅಂದು ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಅವರಿಗೆ ಕನ್ನಡ ಓದು ಬರಹ ಕಲಿಸಿದವನೂ ನಾನೇ. ನನ್ನ ಬಳಿ ಬಾಲಬೋಧೆ ಇರಲಿಲ್ಲ. ಕಚೇರಿಯ ಹಳೆಯ ಸುತ್ತೋಲೆಗಳನ್ನು ಕೊಟ್ಟು ನಕಲು ಮಾಡಿಸಿದೆ. ಅದರ ಪರಿಣಾಮವಾಗಿ ಅವರ ಮಾತು ಟಿಕೋಟಾದ ಹೆಂಗಸರ ಮಾತಾಯಿತು, ಬರಹ ಮಾತ್ರ ಸರ್ಕಾರದ್ದಾಯಿತು. ಒಂದು ಮುಂಜಾನೆ ಹಾಲಿನವನು ಚೀಟಿಯೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದ. ಮುಖ ಇಳಿದಿತ್ತು.

"ಅಣ್ಣಾರ, ಕೋರ್ಟಿಂದ ಏನರ ಬಂತೇನ್ರಿ? ನಾ ನೀರ ಹಾಕೂದು ಬಿಟ್ಟು ಭಾಳ ದಿನಾ ಆತು."

ಚೀಟಿಯಲ್ಲಿ ಹೀಗಿತ್ತು: 'ಮೇಲೆ ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನಾಳೆಯಿಂದ ಅರ್ಧ ಸೇರು ಹಾಲನ್ನು ಹೆಚ್ಚುವರಿಯಾಗಿ ಪೂರೈಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.' ಮುಂದಿನ ಕ್ರಮ ಎಂದರೇನೆಂದು ಅವರಿಗೇ ಗೊತ್ತಿರಲಿಲ್ಲ. ಎಲ್ಲ ಕಾಗದಗಳ ಕೊನೆಯಲ್ಲಿ ಅದು ಇರುವುದನ್ನು ಕಂಡು, ನಮಸ್ಕಾರದ ಹಾಗೆ ಇರಬಹುದೆಂದು ಬರೆದಿದ್ದರು.

ಅವರ ಕೆಲಸದ ಸ್ವರೂಪವನ್ನು ಇಲ್ಲಿ ಹೇಳುವುದು ಅವಶ್ಯ. ಆಗ ನಮ್ಮ ಭಾಗದಲ್ಲಿ ನಾರುಹುಣ್ಣಿನ ಬಾಧೆ ಬಹಳವಿತ್ತು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ನೂಲಿನಂಥ ಹುಳು ಹೊರಬರುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯಬೇಕು. ತುಂಡಾದರೆ ಕಾಲು ಬಾಯುತ್ತದೆ. ಬಿತ್ತುವ ಕಾಲದಲ್ಲಿ ಗಂಡಸರು ಕಡ್ಡಿ ಸುತ್ತಿದ ಕಾಲನ್ನು ಚಾಚಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಉರಿ ತಾಳದೆ ಅವರು ಪಾವಟಿಗೆ ಬಾವಿಗೆ, ಅಂದರೆ ಮೆಟ್ಟಿಲು ಇಳಿದು ಹೋಗುವ ಬಾವಿಗೆ, ಹೋಗಿ ನೀರಲ್ಲಿ ಕಾಲಿಡುವರು. ಆಗ ಹುಳು ನೀರಿನಲ್ಲಿ ಮರಿ ಬಿಡುವುದು. ಆ ನೀರನ್ನು ಕುಡಿದವರ ಕಾಲಿನಲ್ಲಿ ಮರುವರ್ಷ ನಾರು ಏಳುವುದು. ಆದ್ದರಿಂದ ಕೆಲಸ ಎರಡು. ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಪಾವಟಿಗೆಗಳಿಗೆ ಅಡ್ಡಗೋಡೆ ಕಟ್ಟಿ, ಗಡಗಡಿ ಹಾಕಿ, ಮೇಲಿನಿಂದಲೇ ನೀರು ಸೇದುವಂತೆ ಮಾಡಬೇಕು.

ಅವರು ಭಾಷಣ ಮಾಡುತ್ತಿರಲಿಲ್ಲ. ಗಾಜಿನ ಬರಣಿಯಲ್ಲಿ ಬಾವಿಯ ನೀರು ತುಂಬಿ ಬಿಸಿಲಿಗೆ ಹಿಡಿಯುತ್ತಿದ್ದರು. ಸೂಕ್ಷ್ಮವಾದ ಚುಕ್ಕಿಗಳು ಜಿಗಿದಾಡುವುದು ಕಾಣುತ್ತಿತ್ತು.

"ಇಷ್ಟ ದಿನಾ ನಾವು ಇವನ್ನ ಕುಡದೇವೇನ್ರಿ?" ಎಂದು ಒಬ್ಬಾಕೆ ಕೇಳಿದರೆ, "ಕುಡದೀರಿ. ನಾನೂ ಕುಡದೇನಿ," ಎನ್ನುವರು. ಆಮೇಲೆ ಅದೇ ನೀರನ್ನು ಹೆಗಲ ಬಟ್ಟೆಯಲ್ಲಿ ಸೋಸಿ ಮತ್ತೆ ಬಿಸಿಲಿಗೆ ಹಿಡಿದು, ಸುಮ್ಮನೆ ನಿಲ್ಲುವರು. ರೊಟ್ಟಿ ಬಡಿಯಲು ಮಾತ್ರ ಅವರಿಗೆ ಬರಲೇ ಇಲ್ಲ. "ಇದು ರೊಟ್ಟಿ ಅಲ್ರಿ ಬಾಯಾರ, ನಿಮ್ಮ ದೇಶದ ನಕಾಶಿ," ಎಂದು ಬಬಲೇಶ್ವರದ ಕಡೆಯ ಬಾಳವ್ವ ಅಂದಿದ್ದಳು. ಅವರು ಆ ಹರಕು ರೊಟ್ಟಿಯನ್ನು ಕೈಯಲ್ಲಿ ಹಿಡಿದು, "ಹಂಗಾರ ನಮ್ಮ ಮನಿ ಇಲ್ಲೈತಿ," ಎಂದು ಒಂದು ಮೂಲೆ ಮುರಿದು ಬಾಯಿಗಿಟ್ಟುಕೊಂಡರು.

ಅವರ ಒಂದು ನಡವಳಿಕೆಯನ್ನು ವಿಶೇಷವಾಗಿ ನಿವೇದಿಸಬೇಕಾಗಿದೆ. ತಿಳಿಯದ ಮಾತಿಗೆ ಅವರು ತಲೆಯಾಡಿಸುತ್ತಿರಲಿಲ್ಲ. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, "ತಿಳೀಲಿಲ್ಲ. ಮತ್ತೊಮ್ಮೆ ಹೇಳ್ರಿ," ಎನ್ನುತ್ತಿದ್ದರು. ಸಾಹೇಬರ ಎದುರಿಗೂ ಹಾಗೆಯೇ. ನಮ್ಮಲ್ಲಿ ಸಾಹೇಬರ ಮಾತು ತಿಳಿಯದಿದ್ದರೆ ಹೂಂ ಎಂದು ಹೊರಗೆ ಬಂದು ಒಬ್ಬರನ್ನೊಬ್ಬರು ಕೇಳುವುದು ಪದ್ಧತಿ. ನಾನು ಇದನ್ನು ಅವರಿಗೆ ಸೂಚಿಸಿದಾಗ, "ತಿಳೀಲಿಲ್ಲ ಅಂದ್ರ ಯಾರೂ ಸಾಯಂಗಿಲ್ಲ ಅಣ್ಣಾರ," ಎಂದರು.

ನಮ್ಮ ಮನೆಗೂ ಅವರು ಬರುತ್ತಿದ್ದರು. ನನ್ನ ಹೆಂಡತಿ ಚೊಚ್ಚಲ ಬಸುರಿ. ಅವಳ ನಾಡಿ ನೋಡಿ, ಕಾಲಿನ ಬಾವು ನೋಡಿ ಹೋಗುವರು. ನನ್ನ ತಾಯಿ ಅವರಿಗಾಗಿ ಒಂದು ಗಾಜಿನ ಲೋಟವನ್ನು ಬೇರೆಯಾಗಿ ಇಟ್ಟಿದ್ದಳು. ಎರಡನೆಯ ಸಲವೇ ಅವರು ಅದನ್ನು ಅರಿತು, ಚಹಾ ಕುಡಿದ ಮೇಲೆ ತಾವೇ ಹಿತ್ತಲಿಗೆ ಹೋಗಿ ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಬಂದರು. ಮುಂದೆ ಪ್ರತಿ ಸಲವೂ ಹಾಗೆಯೇ ಮಾಡಿದರು. ನಾನು ನೋಡಿದೆ. ಏನೂ ಅನ್ನಲಿಲ್ಲ. ಇದನ್ನು ಇಲ್ಲಿ ಕಾಣಿಸದೆ ಹೋದರೆ ಮುಂದಿನದನ್ನು ಬರೆಯುವ ಅಧಿಕಾರ ನನಗಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ.

ತಿಂಗಳ ವರದಿ ತಿಂಗಳ ಕೊನೆಯ ದಿನ ಮಧ್ಯಾಹ್ನದೊಳಗೆ ಸಾಹೇಬರ ಮೇಜಿನ ಮೇಲಿರಬೇಕೆಂಬುದು ನಮ್ಮ ನಿಯಮ. ಕೊನೆಯ ದಿನಗಳಲ್ಲಿ ಸಭೆಗಳಿದ್ದರೆ, ಸಭೆಗೆ ಹೋಗುವ ಮೊದಲೇ ಅದರ ವರದಿಯನ್ನು ಬರೆದಿಡುವುದು ರೂಢಿಯಾಗಿತ್ತು. ನೆರೆದವರ ಸಂಖ್ಯೆಯ ಜಾಗವನ್ನಷ್ಟೇ ಖಾಲಿ ಬಿಡುತ್ತಿದ್ದೆವು. ಬರೆಯುವುದಾದರೂ ಏನು? ಎಲ್ಲ ಊರಿನಲ್ಲಿಯೂ ಗ್ರಾಮಸ್ಥರು ಆಸಕ್ತಿಯಿಂದ ಆಲಿಸುತ್ತಾರೆ, ಎಲ್ಲ ಊರಿನಲ್ಲಿಯೂ ಸಹಕರಿಸುವ ಭರವಸೆ ನೀಡುತ್ತಾರೆ. ಇದರಲ್ಲಿ ತಪ್ಪಿದೆಯೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಬಬಲೇಶ್ವರದಿಂದ ಎರಡು ಮೈಲಿ ಒಳಗೆ ಇರುವ ಬಾಳವ್ವನ ಹಳ್ಳಿಯಲ್ಲಿ ಒಂದೇ ಬಾವಿ. ಆ ಬಾವಿಗೆ ಗೋಡೆ ಕಟ್ಟುವ ಕುರಿತು ಹೆಂಗಸರ ಒಪ್ಪಿಗೆ ಪಡೆಯುವ ಸಭೆ ಗೊತ್ತಾಗಿತ್ತು. ನೀರು ತರುವವರು ಹೆಂಗಸರು, ಅವರ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಇಡಬಾರದು ಎಂಬುದು ಬಾಯಾರ ಹಟ. ನಾನು ಹಿಂದಿನ ದಿನವೇ ವರದಿ ಬರೆದು, ಸಹಿ ಮಾಡಿ, ದಿನಾಂಕ ಹಾಕಿ, ಚೀಲದಲ್ಲಿ ಇಟ್ಟುಕೊಂಡಿದ್ದೆ. 'ನೆರೆದ ಮಹಿಳೆಯರೆಲ್ಲರೂ ಹರ್ಷಪೂರ್ವಕವಾಗಿ ಸಮ್ಮತಿಸಿದರು.'

ಬಾವಿಯ ಮೇಲಿನ ಬೇವಿನ ಗಿಡದ ಕೆಳಗೆ ಸಭೆ ಸೇರಿತು. ಬಾಯಾರು ವಿಷಯ ತಿಳಿಸಿದರು. ಬಾಳವ್ವ ನನ್ನ ಕಡೆಗೆ ತಿರುಗಿ ಒಂದೇ ಉಸಿರಿನಲ್ಲಿ ಹೇಳಿದಳು:

"ಯಪ್ಪಾ, ಪಾವಟಗಿಗೆ ಗ್ವಾಡಿ ಕಟ್ಟಿದ್ರ, ಮದಿವ್ಯಾಗಿ ಬಂದ ಸೊಸಿ ಗಂಗವ್ವನ ಪೂಜಿ ಎಲ್ಲಿ ಮಾಡಬೇಕು? ಹಡದಾಕಿ ನೀರಿಗೆ ಹೆಂಗ ಇಳೀಬೇಕು? ನಮ್ಮತ್ತಿ ಇಳದಾಳ, ನಾ ಇಳದೇನಿ. ಇದನ್ನ ಬಾಯಾರಿಗೆ ಹೇಳು."

ಕೂಡಲೇ ಉಳಿದವರೂ ಒಟ್ಟಿಗೆ ಮಾತಾಡತೊಡಗಿದರು. ನಮ್ಮ ಕಡೆಯಲ್ಲಿ ಹೊಸ ಮದುಮಗಳೂ ಬಾಣಂತಿಯೂ ಬಾವಿಗೆ ಇಳಿದು, ನೀರಿನ ಅಂಚಿನಲ್ಲಿ ಐದು ಹರಳುಗಳನ್ನಿಟ್ಟು, ಕುಂಕುಮ ಹಚ್ಚಿ ಗಂಗವ್ವನನ್ನು ಪೂಜಿಸದ ಹೊರತು ಮನೆಗೆ ನೀರು ತರುವಂತಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆ ಗದ್ದಲದಲ್ಲಿ ಬಾಯಾರಿಗೆ ಗಂಗವ್ವ ಎಂಬ ಶಬ್ದವೊಂದೇ ಸಿಕ್ಕಿತು. ಅವರು ಕೈ ಎತ್ತಿದರು.

"ಗಂಗವ್ವ ಅಂದ್ರು. ಏನಂದ್ರು? ನನಗ ತಿಳೀಲಿಲ್ಲ."

ಬಬಲೇಶ್ವರದಿಂದ ನಾಲ್ಕೂವರೆಗೆ ಬಸ್ಸು. ಅದು ತಪ್ಪಿದರೆ ಮರುದಿನವೇ ಗತಿ, ವರದಿ ಮಧ್ಯಾಹ್ನದೊಳಗೆ ಮೇಜಿಗೆ ಹೋಗುವುದಿಲ್ಲ, ನನ್ನ ಆರ್ಡರಿನ ಅವಧಿಯೂ ಮುಗಿಯುತ್ತ ಬಂದಿತ್ತು. ಇವೆಲ್ಲ ಕಾರಣಗಳು ಅಂದು ನನ್ನ ತಲೆಯಲ್ಲಿದ್ದವೆಂದು ಹೇಳಿದರೆ ಸುಳ್ಳಾದೀತು. ತಲೆಯಲ್ಲಿದ್ದದ್ದು ಬಸ್ಸು ಒಂದೇ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಕೆಲಸ ಆರಂಭವಾಗುವ ದಿನ ಗಂಗವ್ವನ ಪೂಜೆ ಮಾಡುತ್ತಾರಂತೆ, ಎಲ್ಲರಿಗೂ ಒಪ್ಪಿಗೆ ಇದೆ. ಆಮೇಲೆ ಹೆಂಗಸರ ಕಡೆಗೆ ತಿರುಗಿ, ಬಾಯಾರಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ, "ಆತು. ಬಾಯಾರು ವಿಚಾರ ಮಾಡ್ತಾರಂತ," ಎಂದೆ.

ಬಾಯಾರ ಮುಖ ಅರಳಿತು. ಎದ್ದು ನಿಂತು ಎರಡೂ ಕೈ ಮುಗಿದರು. "ಭಾಳ ಉಪಕಾರ ಆತ್ರಿ," ಎಂದರು. ಗೋಡೆ ಕಟ್ಟುವುದಿಲ್ಲವೆಂದು ಮಾತು ಕೊಟ್ಟರೆಂದು ತಿಳಿದು ಹೆಂಗಸರೂ ಕೈ ಮುಗಿದರು. ಎರಡೂ ಕಡೆಯವರು ಇಷ್ಟು ಸಂತೋಷದಿಂದ ಎದ್ದ ಸಭೆಯನ್ನು ನಾನು ಬೇರೆ ಕಂಡಿಲ್ಲ. ಬಸ್ಸು ಸಿಕ್ಕಿತು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಂಖ್ಯೆಯನ್ನು ಬಸ್ಸಿನಲ್ಲಿಯೇ ತುಂಬಿದೆ.

ಮೂರು ವಾರ ಕಳೆದು ಗೌಂಡಿಗಳು ಕಲ್ಲು, ಗಾರೆ ತೆಗೆದುಕೊಂಡು ಹೋದರು. ಹಿಂದೆಯೇ ನಾವೂ ಹೋದೆವು. ಹೋಗಿ ನೋಡಿದರೆ ಹೆಂಗಸರು ಬಾವಿಯ ಪಾವಟಿಗೆಗಳ ಮೇಲೆ, ಮೇಲಿನಿಂದ ನೀರಿನವರೆಗೆ, ಒಬ್ಬರ ಕೆಳಗೊಬ್ಬರು ಕುಳಿತಿದ್ದರು. ಕೆಲವರ ತೊಡೆಯ ಮೇಲೆ ಕೂಸುಗಳು. ಬಾಳವ್ವ ಎಲ್ಲರಿಗಿಂತ ಮೇಲಿನ ಪಾವಟಿಗೆಯಲ್ಲಿದ್ದಳು. ನನ್ನನ್ನು ನೋಡಲೇ ಇಲ್ಲ.

"ಬಾಯಾರ, ನಮ್ಮ ಮನ್ಯಾಗ ಕುಂತು ರೊಟ್ಟಿ ತಿಂದ್ರಿ. ನನ್ನ ಮಗಳ ಬಾಣಂತನಾ ನೋಡಿದ್ರಿ. ವಿಚಾರ ಮಾಡ್ತೀನಿ ಅಂತ ಹೇಳಿ ಹೋಗಿ ಗೌಂಡ್ಯಾರನ್ನ ಕಳಿಸಿದ್ರಿ. ನಾವು ಬ್ಯಾಡ ಅಂದಿದ್ದು ನಿಮಗ ಕೇಳಲಿಲ್ಲೇನ್ರಿ?"

ಬಾಳವ್ವ ಈ ಸಲ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದ್ದಳು. ಬಾಯಾರಿಗೆ ಪ್ರತಿಯೊಂದು ಮಾತೂ ತಿಳಿಯಿತು. ಅವರು ನನ್ನ ಕಡೆಗೆ ತಿರುಗಿದರು. ನಾನು ಗೌಂಡಿಗಳ ಗಾಡಿಯ ಎತ್ತುಗಳನ್ನು ನೋಡುತ್ತ ನಿಂತೆ.

ಎರಡು ದಿನಗಳ ನಂತರ ಆಗಿನ ಸಾಹೇಬರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ನನ್ನ ವರದಿ ಇತ್ತು. ಬಾಯಾರು ಅನುಮತಿ ಕೇಳಿ ಅದನ್ನು ಎತ್ತಿಕೊಂಡು, ಶಬ್ದಶಬ್ದಕ್ಕೂ ಬೆರಳಿಟ್ಟು ಓದಿದರು. ಹಾಗೆ ಓದಲು ಕಲಿಸಿದವನು ನಾನೇ ತಾನೆ. ಬೆರಳು ಕೊನೆಗೆ ಬಂದು ದಿನಾಂಕದ ಮೇಲೆ ನಿಂತಿತು. ಸಭೆಯ ಹಿಂದಿನ ದಿನದ ದಿನಾಂಕ. ಸಾಹೇಬರು ಅದನ್ನು ಗಮನಿಸಿರಲಿಲ್ಲ. ಬೆರಳು ಅಲ್ಲಿಯೇ ಬಹಳ ಹೊತ್ತು ಇತ್ತು.

"ಏನ್ರೀ ಕಾರಕೂನರ," ಎಂದರು ಸಾಹೇಬರು. "ಹೆಂಗಸರು ಹರ್ಷದಿಂದ ಒಪ್ಯಾರಂತ ಬರದೀರಿ. ಗೌಂಡಿಗೋಳು ಕಲ್ಲ ಹೇರಿಕೊಂಡು ಹೊಳ್ಳಿ ಬಂದಾರ. ಇದು ಯಾರ ಮಾತು?"

ನಾನು ಹೇಳಿದ್ದು ಇಷ್ಟು. ಇದ್ದದ್ದನ್ನು ಇದ್ದಂತೆಯೇ ಬರೆಯುತ್ತೇನೆ.

"ಬಾಯಾರು ಹೇಳಿದಂಗ ಬರದೇನ್ರಿ ಸಾಹೇಬರ."

ಬಾಯಾರು ವರದಿಯನ್ನು ಮಡಚಿ ಮೇಜಿನ ಮೇಲಿಟ್ಟರು. ದಿನಾಂಕ ಒಳಮಡಿಕೆಗೆ ಹೋಯಿತು. ಹಾಗೆ ಬೇಕೆಂದೇ ಮಡಚಿದರೋ ಏನೋ ಅರಿಯೆ. ಆಮೇಲೆ ಹೇಳಿದರು: "ಹೌದ್ರಿ. ತಪ್ಪು ನಂದು. ನನಗ ಅವರ ಮಾತು ಪೂರಾ ತಿಳೀಲಿಲ್ಲ. ತಿಳೀಲಿಲ್ಲ ಅಂತ ನಾ ಹೇಳಲಿಲ್ಲ."

ಹನ್ನೊಂದು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಸುಳ್ಳು ಇದೊಂದೇ. ನನಗಾಗಿ ಹೇಳಿದ್ದು.

ಭಾಷಾಜ್ಞಾನ ಸಾಲದ ಕಾರಣ ಸದರಿಯವರು ಕ್ಷೇತ್ರಕಾರ್ಯಕ್ಕೆ ಯೋಗ್ಯರಲ್ಲ, ಬೇರೆಡೆಗೆ ಕಳಿಸಿಕೊಡಬೇಕು ಎಂದು ಅವರನ್ನು ಕಳಿಸಿದ್ದ ಸ್ವಯಂಸೇವಕರ ತಂಡದವರಿಗೆ ಪತ್ರ ಹೋಯಿತು. ಅದರ ಕರಡನ್ನು ಬರೆದವನೂ ನಾನೇ.

ಅಂದು ಸಾಹೇಬರ ಕೋಣೆಯಿಂದ ಪಡಸಾಲೆಗೆ ಬಂದ ಮೇಲೆ ಅವರು ನನ್ನನ್ನು ಕೇಳಿದರು: "ನಿಮ್ಮ ಆರ್ಡರು ಯಾವಾಗ ಮುಗೀತೈತಿ?"

"ಮುಂದಿನ ತಿಂಗಳ್ರಿ."

"ಹೂಂ." ಆಮೇಲೆ ಅಂದರು: "ಗುರುವಾರ ನಾ ಬಾಳವ್ವನ ಊರಿಗೆ ಹೋಗ್ತೀನಿ. ನೀವೂ ಬರ್ರಿ. ಸಾಹೇಬರ ಮುಂದ ಏನೂ ಹೇಳೂದು ಬ್ಯಾಡ. ಬಾಳವ್ವನ ಮುಂದ ಹೇಳ್ರಿ, ಅಷ್ಟ. ಆಕಿ ಈಗ ನನ್ನ ಮಾತು ನಂಬಂಗಿಲ್ಲ."

"ಬರ್ತೀನ್ರಿ," ಎಂದೆ.

ಗುರುವಾರ ಬೆಳಿಗ್ಗೆ, ಮೈಯಲ್ಲಿ ಸ್ವಸ್ಥವಿಲ್ಲದ ಪ್ರಯುಕ್ತ ಒಂದು ದಿನದ ರಜೆ ಮಂಜೂರು ಮಾಡಬೇಕೆಂದು ಚೀಟಿ ಬರೆದು ಕಳಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಕಾದು ಕಾದು ಅವರು ಮನೆಗೇ ಬಂದರು. ನಾನು ಒಳಗಿನ ಕೋಣೆಯಲ್ಲಿ ಹೊದ್ದುಕೊಂಡು ಮಲಗಿದ್ದೆ. ಬಾಗಿಲಲ್ಲಿ ಆಡುವ ಮಾತು ಕೇಳಿಸುತ್ತಿತ್ತು.

"ಅವಗ ಜ್ವರಾ ಬಂದಾವ್ರಿ," ಎಂದಳು ತಾಯಿ.

"ಯಾವಾಗಿಂದ್ರಿ? ನೀರು ಸೋಸಿ ಕುಡದಾರೋ ಇಲ್ಲೋ?"

ಚೀಲದಿಂದ ಎರಡು ಗುಳಿಗೆ ತೆಗೆದು ಕೊಟ್ಟು, ಊಟವಾದ ಮೇಲೆ ಒಂದು, ಸಂಜೆಗೆ ಒಂದು ಎಂದು ಎರಡು ಸಲ ತಿಳಿಸಿ, ಹೆಂಡತಿಯ ನಾಡಿ ನೋಡಿ, ಅವರು ಒಬ್ಬರೇ ಬಬಲೇಶ್ವರದ ಬಸ್ಸಿಗೆ ಹೋದರು. ಜ್ವರವಿಲ್ಲದವನು ನಾನು ಆ ಗುಳಿಗೆಗಳನ್ನು ತಾಯಿಯ ಎದುರಿಗೆ ನುಂಗಬೇಕಾಯಿತು.

ಮುಂದಿನ ವಾರ ಅವರು ಊರು ಬಿಟ್ಟರು. ನಾನು ಸ್ಟೇಶನ್ನಿಗೆ ಹೋಗಲಿಲ್ಲ.

ನಾಲ್ಕು ತಿಂಗಳ ನಂತರ ಬಾಳವ್ವನ ಹಳ್ಳಿಯ ಬಾವಿಯ ಕೆಲಸ ಮುಗಿದ ಬಗ್ಗೆ ವರದಿ ಬರೆಯಲು ನನ್ನನ್ನೇ ಕಳಿಸಿದರು. ಪಾವಟಿಗೆಗಳಿಗೆ ಅಡ್ಡವಾಗಿ ಗೋಡೆ ಎದ್ದಿತ್ತು. ಗಡಗಡಿ ತಿರುಗುತ್ತಿತ್ತು. ಮೇಲೆ, ಬೇವಿನ ಗಿಡದ ಬುಡದಲ್ಲಿ, ಹೊಸದಾಗಿ ಕಟ್ಟಿದ ಚಿಕ್ಕ ಕಟ್ಟೆಯ ಮೇಲೆ ಐದು ಹರಳುಗಳು, ಅವುಗಳಿಗೆ ಆ ದಿನದ ಕುಂಕುಮ. ಬಾಳವ್ವ ನೀರು ಸೇದುತ್ತಿದ್ದಳು.

"ಇದು ಹೆಂಗಾತು ಆಯಿ?" ಎಂದು ಕೇಳಿದೆ.

"ಹೆಂಗ ಅಂದ್ರ? ಆಕಿ ಗುರುವಾರ ಬಂದ್ಳು. ನಿಮಗ ಏನ ಬೇಕು, ಇನ್ನೊಮ್ಮೆ ಹೇಳ್ರಿ ಅಂದ್ಳು. ಹೇಳಿದ್ವಿ. ಕೇಳಿಸಿಕೊಂಡ್ಳು. ಗಂಗವ್ವ ಕೊಡದಾಗ ಮ್ಯಾಲ ಬರಂಗಿಲ್ಲೇನು ಅಂತ ನನ್ನ ಸೊಸಿ ಅಂದ್ಳು. ಮೊದಲು ಸೇದಿದ ಕೊಡಾ ಪೂಜಿಗೆ, ಹರಳು ಮ್ಯಾಲ. ಒಂದ ಚಹಾ ಕುಡಿಯೂದ್ರಾಗ ಮುಗೀತು. ನೀ ಅವತ್ತ ನನ್ನ ಮಾತು ಮುಟ್ಟಿಸಿದ್ರ ಅವತ್ತ ಮುಗೀತಿತ್ತು."

ಅವಳು ಹಗ್ಗ ಬಿಟ್ಟು ನನ್ನನ್ನು ನೋಡಿದಳು.

"ಆಕಿ, ತಪ್ಪು ನಂದು ಅಂದ್ಳು. ಬಾಯಾರ, ನಾವು ಕುರುಡರಲ್ಲ, ಅವತ್ತ ಯಾರ ಬಾಯಿ ಆಡಿತು ಅಂತ ನೋಡೇವಿ, ಅಂದೆ ನಾನು. ನನ್ನ ಕೈ ಹಿಡಕೊಂಡ್ಳು. ಆತನ ಮುಂದ ಅನಬ್ಯಾಡ್ರಿ, ಆತನ ನೌಕರಿ ಖಾಯಂ ಅಲ್ಲ, ಹೆಂಡತಿ ಹೊಟ್ಟಿಲೆ ಅದಾಳ, ಅಂದ್ಳು. ಹೂಂ ಅಂದಿದ್ವಿ. ಈಗ ನಿನ್ನ ಮುಂದ ಅಂದ ಬಿಟ್ಟೆ ನೋಡು."

ಅಷ್ಟು ಹೇಳಿ ಒಂದು ತಂಬಿಗೆ ನೀರನ್ನು ಸೆರಗಿನ ಎರಡು ಪದರದಲ್ಲಿ ಸೋಸಿ ನನ್ನ ಕೈಗೆ ಕೊಟ್ಟಳು. ಕುಡಿದೆ. ಮರುದಿನ ವರದಿಯಲ್ಲಿ, 'ಗ್ರಾಮಸ್ಥರ ಸಹಕಾರದಿಂದಲೂ ಈ ಕಚೇರಿಯ ಸತತ ಪ್ರಯತ್ನದಿಂದಲೂ ಕಾಮಗಾರಿ ಪೂರ್ಣಗೊಂಡಿದೆ' ಎಂದು ಬರೆದೆ. ಬಾಯಾರ ಉಲ್ಲೇಖ ಅದರಲ್ಲಿ ಎಲ್ಲಿಯೂ ಇಲ್ಲ. ಮರುವರ್ಷ ನನ್ನ ನೌಕರಿ ಖಾಯಂ ಆಯಿತು.

ಆ ನಡುವೆ ಅವರಿಂದ ಒಂದು ಕಾರ್ಡು ಬಂದಿತ್ತು. ದಪ್ಪ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. 'ಮಾನ್ಯರೆ, ತಮ್ಮ ಮನೆಯಲ್ಲಿ ಶಿಶು ಜನನವಾದ ಬಗ್ಗೆ ಈ ಕೂಡಲೇ ಮಾಹಿತಿ ಒದಗಿಸತಕ್ಕದ್ದು. ತಾಯಿ ಮಗುವಿನ ಆರೋಗ್ಯದ ವಿವರ ಲಗತ್ತಿಸುವುದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.' ಹೆಣ್ಣು ಮಗು ಹುಟ್ಟಿತ್ತು, ಸುಖವಾಗಿತ್ತು. ಅಷ್ಟನ್ನು ಬರೆಯಲು ಒಂದು ಕಾರ್ಡು ಸಾಕಿತ್ತು. ನಾಲ್ಕಾರು ಸಲ ಬರೆಯಲು ಕುಳಿತೆ. ಮೇಲೆ ಏನೆಂದು ಸಂಬೋಧಿಸಬೇಕು, ಕೆಳಗೆ ಯಾವ ಮುಖದಿಂದ ಸಹಿ ಮಾಡಬೇಕು ಎಂದು ತಿಳಿಯದೆ ಎದ್ದೆ. ಮುಂದಿನ ಕ್ರಮ ಯಾವುದೂ ಜರುಗಲಿಲ್ಲ. ಈಗ ಮಗುವಿಗೆ ನಾಲ್ಕು ವರ್ಷ.

ಇಲ್ಲಿಗೆ ಬರಹ ಮುಗಿದಿತ್ತು. ಟಪಾಲಿಗೆ ಹಾಕುವ ಮೊದಲು, ಕಳೆದ ರವಿವಾರ ಇದನ್ನು ತೆಗೆದುಕೊಂಡು ಬಾಳವ್ವನ ಹಳ್ಳಿಗೆ ಹೋದೆ. ಬಾಯಾರು ತೀರಿಕೊಂಡ ಸುದ್ದಿಯನ್ನು ಮೊದಲು ಹೇಳಿದೆ. ಆಮೇಲೆ, ಬಾಯಾರು ನಾಲ್ಕು ವರ್ಷಗಳ ಹಿಂದೆ ಹೇಳೆಂದು ಕೇಳಿದ್ದನ್ನು ಹೇಳಲು ಬಂದಿದ್ದೇನೆ ಎಂದು, ಅವಳ ಎದುರಿಗೆ ನೆಲದ ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದೆ. ಸೊಸೆಯೂ ಬಂದು ಬಾಗಿಲಲ್ಲಿ ನಿಂತಳು. ಗುರುವಾರದ ಭಾಗದಲ್ಲಿ ನಾನು, 'ಅವರು ಗ್ರಾಮಸ್ಥರೊಂದಿಗೆ ಸಮಾಲೋಚಿಸಿ ಶಾಂತಚಿತ್ತರಾಗಿ ಮರಳಿದರು' ಎಂದು ಬರೆದಿದ್ದೆ. ಅಲ್ಲಿ ಬಾಳವ್ವ ನನ್ನನ್ನು ತಡೆದಳು.

"ಶಾಂತ ಎಲ್ಲಿಂದ ಬಂತು? ನೀ ಇದ್ದ್ಯೇನು ಅಲ್ಲಿ?"

"ಇಲ್ಲ ಆಯಿ."

"ಮತ್ತ? ಆಕಿ ಪಾವಟಗಿ ಮ್ಯಾಲ ಕುಂತು ಅತ್ತಾಳ. ಭಾಷಾ ಬರಂಗಿಲ್ಲ ಅಂತ ಸಾಹೇಬ ಬರಸ್ಯಾನಂತ. ನಿಮ್ಮ ಮಾತೆಲ್ಲಾ ನನಗ ತಿಳೀತೈತಿ ಆಯಿ, ನಿಮ್ಮ ಮಾತೆಲ್ಲಾ ತಿಳೀತೈತಿ ಅಂತ ಎರಡ ಸಲ ಅಂದು ಅತ್ತಾಳ. ಅದನ್ನ ಬರಿ."

ಅವಳ ಎದುರಿಗೇ ಆ ಸಾಲನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ. ಬರೆದದ್ದನ್ನು ತಿರುಗಿ ಓದಿಸಿ ಕೇಳಿ, ಹೂಂ ಎಂದಳು. ಇದರ ನಕಲನ್ನು ಬಾಯಾರ ಅಕ್ಕನಿಗೆ ಕಳಿಸುತ್ತಿದ್ದೇನೆ. ಇಂಗ್ಲಿಷಿಗೆ ತಿರುಗಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ.

ಮಾನ್ಯ ಓದುಗರು ಕಾಗುಣಿತದ ದೋಷ ಕಂಡಲ್ಲಿ ದಯಮಾಡಿ ತಿದ್ದಿಕೊಳ್ಳಬೇಕು. ಸಂಗತಿಯಲ್ಲಿ ದೋಷ ಕಂಡವರು, ವಿಶೇಷವಾಗಿ ಟಿಕೋಟಾ, ಬಬಲೇಶ್ವರ ಭಾಗದ ತಾಯಂದಿರು, ಯಾರಿಂದಲಾದರೂ ಬರೆಯಿಸಿ ನನಗೆ ತಿಳಿಸಬೇಕು. ಅವರು ಹೇಳಿದಂತೆಯೇ ಬರೆಯುತ್ತೇನೆ.